ನಾಲ್ಕು ದಿನ ಅಘನಾಶಿನಿ ದಂಡೆಯಲ್ಲಿ: ಭರತ-ಇಳಿತ ನೋಡಿಕೊಂಡು ದಿನ ಗೊತ್ತುಮಾಡಿ

ಪ್ರಶ್ನೆ: ನಾವು ಬೆಂಗಳೂರಿನವರು, ಐದು ಜನ. ನಾನು, ನಮ್ಮ ಯಜಮಾನರು, ಎಂಟು ಮತ್ತು ಹದಿಮೂರು ವರ್ಷದ ಮಕ್ಕಳು, ಜೊತೆಗೆ ಅತ್ತೆ. ಗೋಕರ್ಣ, ಮುರ್ಡೇಶ್ವರ ನೋಡಿ ಆಗಿದೆ. ಎರಡೂ ಕಡೆ ಜನವೋ ಜನ, ಅರ್ಧ ದಿನ ಕಾರಿನಲ್ಲೇ ಹೋಯಿತು. ಈ ಸಲ ಫೆಬ್ರವರಿಯಲ್ಲಿ ನಾಲ್ಕು ದಿನ ಸಮುದ್ರದ ಪಕ್ಕದ ಒಂದು ಹಳ್ಳಿಯಲ್ಲಿ ಸುಮ್ನೆ ಇದ್ದು ಬರುವ ಆಸೆ. ಎಲ್ಲಿ ಉಳಿಯಬೇಕು? ನೋಡುವುದಕ್ಕೆ, ಮಾಡುವುದಕ್ಕೆ ಏನಿದೆ? ಅತ್ತೆಗೆ ಮಂಡಿನೋವು, ಮೀನು ಮುಟ್ಟುವುದಿಲ್ಲ. ನಾವೆಲ್ಲ ತಿನ್ನುತ್ತೇವೆ. ಮಕ್ಕಳಿಗೆ ಬೇಜಾರಾಗಬಾರದು, ಅಷ್ಟೇ.

ಉತ್ತರ: ನೀವು ಕೇಳಿದ್ದಕ್ಕೆ ಹತ್ತು ಬೀಚುಗಳ ಪಟ್ಟಿ ಕೊಡುವುದು ಸುಲಭ. ಆದರೆ ಹಾಗೆ ಕೊಟ್ಟರೆ ನೀವು ಮತ್ತೆ ಕಾರಿನಲ್ಲೇ ಕೂತಿರುತ್ತೀರಿ. ಅದಕ್ಕೆ ಒಂದೇ ಜಾಗ ಹೇಳುತ್ತೇನೆ: ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆ. ನದಿ ಸಮುದ್ರ ಸೇರುವ ಬಾಯಿಯ ಉತ್ತರಕ್ಕೆ ತದಡಿ, ದಕ್ಷಿಣಕ್ಕೆ ಅಘನಾಶಿನಿ ಅನ್ನುವ ಊರು. ನೀವು ದಕ್ಷಿಣದ ದಂಡೆಯಲ್ಲಿ ಉಳಿಯಿರಿ. ಅಘನಾಶಿನಿ, ಕಾಗಾಲ, ಬಾಡ, ಈ ಊರುಗಳಲ್ಲಿ ಎಲ್ಲಾದರೂ ಸರಿ. ಗೋಕರ್ಣದ ಗದ್ದಲ ನದಿಯ ಆಚೆಗೇ ಉಳಿಯುತ್ತದೆ.

ಈ ನದಿ ಯಾಕೆ ಅಂತ ಕೇಳಬಹುದು. ಶಿರಸಿಯ ಹತ್ತಿರ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ಕುಮಟಾದಲ್ಲಿ ಸಮುದ್ರ ಸೇರುವವರೆಗೆ ಇದಕ್ಕೆ ದೊಡ್ಡ ಅಣೆಕಟ್ಟು ಒಂದೂ ಅಡ್ಡ ಬಂದಿಲ್ಲ. ಹೀಗಾಗಿ ಬಾಯಿಯಲ್ಲಿ ಸಿಹಿನೀರು ಉಪ್ಪುನೀರು ಸೇರುವ ಆಟ ಇನ್ನೂ ತನ್ನ ಲೆಕ್ಕದಲ್ಲೇ ನಡೆಯುತ್ತಿದೆ. ಮೀನು, ಚಿಪ್ಪು, ಉಪ್ಪು, ಭತ್ತ, ಈ ನಾಲ್ಕೂ ಒಂದೇ ನೀರಿನಿಂದ ಬರುವ ಜಾಗ ಕರ್ನಾಟಕದಲ್ಲಿ ಇನ್ನೊಂದು ಕಡೆ ಇಷ್ಟು ಚೆನ್ನಾಗಿ ನೋಡಲು ಸಿಗುವುದಿಲ್ಲ ಎನ್ನುವುದು ನನ್ನ ಅಭಿಪ್ರಾಯ. 2024ರಲ್ಲಿ ಈ ಅಳಿವೆಯ 4,801 ಹೆಕ್ಟೇರ್ ಜಾಗ ರಾಮ್ಸಾರ್ ಪಟ್ಟಿಗೂ ಸೇರಿತು. ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿ ಅದು.

ಈಗ ದಿನಾಂಕ. ಹೋಟೆಲ್ ಬುಕ್ ಮಾಡುವ ಮುಂಚೆ ಮನೆಯ ಗೋಡೆಯ ಕ್ಯಾಲೆಂಡರ್ ನೋಡಿ. ಇಲ್ಲಿಯ ಬದುಕು ನಡೆಯುವುದು ನೀರಿನ ಏರಿಳಿತದ ಮೇಲೆ. ನೀರು ಏರಿದರೆ ಭರತ, ಇಳಿದರೆ ಇಳಿತ. ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಪ್ರತಿದಿನ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಏರಿಳಿತ ಜೋರು. ಸಪ್ತಮಿ, ಅಷ್ಟಮಿಯಲ್ಲಿ ಮಂದ. ಹುಣ್ಣಿಮೆಯ ದಿನ ಈ ಭಾಗದಲ್ಲಿ ಹೆಚ್ಚುಕಡಿಮೆ ಮಧ್ಯಾಹ್ನಕ್ಕೆ ಸ್ವಲ್ಪ ಮೊದಲು ಭರತ, ಸಂಜೆ ಐದರ ಸುಮಾರಿಗೆ ಇಳಿತ. ಅದಾದ ಎರಡನೇ ದಿನ ಬೆಳಿಗ್ಗೆ ಆರೂವರೆ, ಏಳರ ಹೊತ್ತಿಗೆ ನೀರು ಪೂರ್ತಿ ಇಳಿದಿರುತ್ತದೆ. ಮಕ್ಕಳನ್ನು ಕರೆದುಕೊಂಡು ಹೋಗಲು ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ. ನಿಖರ ಸಮಯಕ್ಕೆ ಮೊಬೈಲಿನಲ್ಲಿ ಕಾರವಾರದ ಉಬ್ಬರವಿಳಿತದ ಪಟ್ಟಿ ನೋಡಿಕೊಳ್ಳಿ. ನದಿಯ ಒಳಗೆ ಹೋದಷ್ಟೂ ಸ್ವಲ್ಪ ತಡವಾಗುತ್ತದೆ.

ಭಾರತ ಹುಣ್ಣಿಮೆ, ಅಂದರೆ ಮಾಘದ ಹುಣ್ಣಿಮೆ, ಸಾಮಾನ್ಯವಾಗಿ ಫೆಬ್ರವರಿಯ ಹತ್ತಿರವೇ ಬರುತ್ತದೆ. ಆ ದಿನವೇ ಬಂದು ಇಳಿದರೆ ನಿಮ್ಮ ನಾಲ್ಕು ದಿನಕ್ಕೆ ಸರಿಯಾಗಿ ಹೊಂದುತ್ತದೆ. ಅಮಾವಾಸ್ಯೆ ಬೇಡ ಅನ್ನುವುದಕ್ಕೆ ಕಾರಣ ಇದೆ. ಮಾಘದ ಅಮಾವಾಸ್ಯೆಯ ಹಿಂದಿನ ದಿನವೇ ಶಿವರಾತ್ರಿ. ಆ ವಾರ ಗೋಕರ್ಣಕ್ಕೆ ಬರುವ ಜನಕ್ಕೆ ಕುಮಟಾದವರೆಗೂ ರೂಮು ಸಿಗುವುದು ಕಷ್ಟ.

ಬರುವುದಕ್ಕೆ ರೈಲು ಒಳ್ಳೆಯದು. ಬೆಂಗಳೂರಿನಿಂದ ಕಾರವಾರಕ್ಕೆ ಹೋಗುವ ಪಂಚಗಂಗಾ ಎಕ್ಸ್‌ಪ್ರೆಸ್ ಸಂಜೆ ಹತ್ತಿದರೆ ಬೆಳಿಗ್ಗೆ ಕುಮಟಾ. ಕುಮಟಾಕ್ಕೆ ಮೊದಲು ಹೊನ್ನಾವರದ ಹತ್ತಿರ ಶರಾವತಿ ಸೇತುವೆ ಬರುತ್ತದೆ. ಎರಡು ಕಿಲೋಮೀಟರಿಗೂ ಉದ್ದ, ಕೊಂಕಣ ರೈಲ್ವೆಯಲ್ಲೇ ಅತಿ ಉದ್ದದ್ದು. ಬೆಳಕು ಬಿಟ್ಟಿದ್ದರೆ ಮಕ್ಕಳನ್ನು ಎಬ್ಬಿಸಿ. ಸ್ಟೇಷನ್‌ನಿಂದ ಊರಿಗೆ ರಿಕ್ಷಾ ಸಿಗುತ್ತದೆ. ನಾಲ್ಕು ದಿನಕ್ಕೂ ಕಾರು ಇಟ್ಟುಕೊಳ್ಳುವ ಅಗತ್ಯ ಇಲ್ಲ. ಒಂದು ದಿನ ಮಾತ್ರ ಬೇಕಾಗುತ್ತದೆ, ಅದನ್ನು ಮುಂದೆ ಹೇಳುತ್ತೇನೆ.

ಉಳಿಯುವ ಮನೆ ಹುಡುಕುವಾಗ ಫೋಟೋ ನೋಡಿ ಮರುಳಾಗಬೇಡಿ. ಫೋನ್ ಮಾಡಿ ಮೂರು ವಿಷಯ ಕೇಳಿ. ಕೆಳಗಿನ ಮಹಡಿಯಲ್ಲಿ ಕೋಣೆ ಇದೆಯಾ, ಅದಕ್ಕೆ ತಾಗಿ ಕಮೋಡ್ ಇರುವ ಬಚ್ಚಲು ಇದೆಯಾ, ಅಡುಗೆ ಮನೆಯವರೇ ಮಾಡುತ್ತಾರಾ. ಮಂಡಿನೋವಿನವರಿಗೆ ಮೊದಲೆರಡೇ ಅರ್ಧ ಪ್ರವಾಸ. ಊಟದ ವಿಷಯದಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಹವ್ಯಕರ ಮನೆಗಳಲ್ಲಿ ಉಳಿದರೆ ಮೀನಿನ ಸುದ್ದಿ ಎತ್ತುವಂತಿಲ್ಲ. ಮೀನುಗಾರರ ಕೇರಿಯ ಹೋಮ್‌ಸ್ಟೇಗಳಲ್ಲಿ ಸಸ್ಯಾಹಾರ ಮಾಡಿಕೊಡುತ್ತಾರೆ, ಆದರೆ ಒಂದೇ ಒಲೆ, ಒಂದೇ ಸೌಟು. ನಿಮ್ಮ ಅತ್ತೆಯವರಿಗೆ ವಾಸನೆಯೇ ಆಗುವುದಿಲ್ಲ ಅನ್ನುವಷ್ಟು ಇದ್ದರೆ ಮೊದಲನೆಯ ಥರದ ಮನೆಯಲ್ಲಿ ಉಳಿಯಿರಿ. ಮೀನಿನ ಊಟಕ್ಕೆ ನೀವು ನಾಲ್ವರು ಮಧ್ಯಾಹ್ನ ಹೊರಗೆ ಹೋದರಾಯಿತು. ಅವರಿಗೂ ನಷ್ಟ ಇಲ್ಲ. ಫೆಬ್ರವರಿಯಲ್ಲಿ ಮಾವಿನ ಮಿಡಿ ಶುರು, ಅಪ್ಪೆಹುಳಿ ಸಿಗುತ್ತದೆ. ಊಟದ ಕೊನೆಗೆ ಲೋಟದಲ್ಲಿ ಹಾಕಿಕೊಂಡು ಕುಡಿಯುವ ತಿಳಿಸಾರು ಅದು. ಒಂದೊಂದು ದಿನ ಒಂದೊಂದು ಸೊಪ್ಪಿನ ತಂಬುಳಿ, ಬಸಳೆಯ ಹುಳಿ, ಬಿಸಿಲಿಗೆ ಮುರುಗಲು (ಕೋಕಂ) ಶರಬತ್ತು. ಏನು ಬೇಕು ಅಂತ ಹಿಂದಿನ ರಾತ್ರಿಯೇ ಹೇಳಿಬಿಡಿ. ಹೊತ್ತಿಗೆ ಸರಿಯಾಗಿ ಹೋಗಿ ಮೆನು ಕೇಳಿದರೆ ಯಾರ ಮನೆಯಲ್ಲೂ ಏನೂ ಇರುವುದಿಲ್ಲ, ಅಲ್ವಾ?

ಮೊದಲ ದಿನ ಏನೂ ಇಟ್ಟುಕೊಳ್ಳಬೇಡಿ. ಮಧ್ಯಾಹ್ನ ನಿದ್ದೆ ಮಾಡಿ, ಸಂಜೆ ಬಾಡ ಅಥವಾ ಕಾಗಾಲದ ಕಡಲ ದಂಡೆಗೆ ಹೋಗಿ. ಗಾಳಿಮರದ ತೋಪು, ಉದ್ದದ ಮರಳು, ಎಳೆದು ನಿಲ್ಲಿಸಿದ ದೋಣಿ, ಇಷ್ಟೇ ಇರುವುದು. ಅದೃಷ್ಟ ಇದ್ದರೆ ದಡದಿಂದಲೇ ಬಲೆ ಎಳೆಯುವುದು ಕಾಣುತ್ತದೆ. ದೋಣಿಯಲ್ಲಿ ಬಲೆಯನ್ನು ಅರ್ಧಚಂದ್ರದ ಹಾಗೆ ಬಿಟ್ಟು ಬಂದು ಎರಡೂ ತುದಿಯ ಹಗ್ಗ ಹಿಡಿದು ಜನ ಹಿಂದಕ್ಕೆ ನಡೆಯುತ್ತಾರೆ. ಹಿಂದೆ ದೊಡ್ಡ ರಂಪಣಿ ಬಲೆ ಎಳೆಯಲು ಊರಿಗೆ ಊರೇ ಸೇರುತ್ತಿತ್ತು. ಟ್ರಾಲರ್, ಪರ್ಸಿನ್ ದೋಣಿಗಳು ಬಂದ ಮೇಲೆ ಅದು ಹೆಚ್ಚುಕಡಿಮೆ ನಿಂತಿತು. ಈಗ ಇರುವುದು ಅದರ ಸಣ್ಣ ರೂಪ. ನಿಮ್ಮ ಹದಿಮೂರು ವರ್ಷದವರು ಹಗ್ಗಕ್ಕೆ ಕೈ ಹಾಕಿದರೆ ಯಾರೂ ಬೇಡ ಅನ್ನುವುದಿಲ್ಲ. ಫೋಟೋ ತೆಗೆಯುತ್ತಾ ಹಗ್ಗದ ಮಧ್ಯೆ ನಿಂತರೆ ಬೈಗುಳ ಗ್ಯಾರಂಟಿ.

ಎರಡನೇ ದಿನ ಉಪ್ಪಿಗೆ. ಇದೇ ನನ್ನ ಪ್ರಕಾರ ಇಡೀ ಪ್ರವಾಸದ ತಿರುಳು, ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ. ಬೆಳಿಗ್ಗೆ ಬೇಗ ಅಘನಾಶಿನಿ ಧಕ್ಕೆಯಿಂದ (ದೋಣಿ ನಿಲ್ಲುವ ಕಟ್ಟೆ) ದೋಣಿಯಲ್ಲಿ ತದಡಿಗೆ ದಾಟಿ. ಊರಿನವರ ದಿನದ ದೋಣಿ ಅದು. ಶಾಲೆಯ ಮಕ್ಕಳು, ಮೀನಿನ ಬುಟ್ಟಿ, ಬೈಕ್, ಎಲ್ಲಾ ಒಟ್ಟಿಗೇ ಹತ್ತುತ್ತವೆ. ರಸ್ತೆಯಲ್ಲಿ ಹೋದರೆ ಹೆದ್ದಾರಿ ತನಕ ಹೋಗಿ ಸೇತುವೆ ದಾಟಿ ಸುತ್ತಿ ಬರಬೇಕು. ದೋಣಿಯಲ್ಲಿ ಕೆಲವೇ ನಿಮಿಷ. ಹತ್ತಿ ಇಳಿಯುವಾಗ ಅತ್ತೆಯವರ ಕೈ ಹಿಡಿಯಲು ಇಬ್ಬರು ಇರಿ. ಭರತದ ಹೊತ್ತಿಗೆ ಹತ್ತುವುದು ಸುಲಭ, ನೀರು ಇಳಿದಾಗ ಮೆಟ್ಟಿಲು ಪಾಚಿಯಿಂದ ಜಾರುತ್ತದೆ. ತದಡಿ ಮೀನುಗಾರಿಕೆ ಬಂದರು. ಬೆಳಿಗ್ಗೆ ದೋಣಿಗಳು ಬಂದಿದ್ದರೆ ಹರಾಜಿನ ಗಲಾಟೆ ನೋಡಬಹುದು. ಅಲ್ಲಿಂದ ರಿಕ್ಷಾದಲ್ಲಿ ಸಾಣಿಕಟ್ಟಾ.

ಸಾಣಿಕಟ್ಟಾದ ಉಪ್ಪಿನಾಗರ ನೂರಾರು ವರ್ಷ ಹಳೆಯದು, ಈಗ ಉಪ್ಪಿನ ಮಾಲೀಕರ ಸಹಕಾರ ಸಂಘ ನಡೆಸುತ್ತದೆ. ಒಳಗೆ ಹೋಗುವ ಮುಂಚೆ ಕಚೇರಿಯಲ್ಲಿ ಒಂದು ಮಾತು ಕೇಳಿ. ಕೆಲಸ ಹೀಗೆ ನಡೆಯುತ್ತದೆ. ಭರತ ಬಂದಾಗ ತೂಬು ತೆರೆದು ಅಳಿವೆಯ ನೀರನ್ನು ಒಂದು ದೊಡ್ಡ ಕೆರೆಯಂಥ ಜಾಗಕ್ಕೆ ತುಂಬಿಸಿಕೊಳ್ಳುತ್ತಾರೆ. ಅಲ್ಲಿಂದ ಕಟ್ಟೆ ಕಟ್ಟಿದ ಪಾತಿಯಿಂದ ಪಾತಿಗೆ ಬಿಡುತ್ತಾ ಹೋಗುತ್ತಾರೆ. ಪ್ರತಿ ಪಾತಿಯಲ್ಲೂ ಬಿಸಿಲಿಗೆ ನೀರು ಇನ್ನಷ್ಟು ಗಟ್ಟಿಯಾಗುತ್ತದೆ. ಕೊನೆಯ ಸಣ್ಣ ಪಾತಿಗಳ ತಳವನ್ನು ಜೇಡಿಮಣ್ಣು ತುಳಿದು ತುಳಿದು, ಬಡಿದು, ನೆಲದಷ್ಟು ಗಟ್ಟಿ ಮಾಡಿರುತ್ತಾರೆ. ಇಲ್ಲದಿದ್ದರೆ ಉಪ್ಪಿನ ಜೊತೆ ಕೆಸರೂ ಎದ್ದು ಬರುತ್ತದೆ. ಜನವರಿಯ ಹೊತ್ತಿಗೆ ಈ ನೆಲದ ಕೆಲಸ, ಆಮೇಲೆ ಮೇ ತನಕ ಉಪ್ಪು. ಒಂದು ಮಳೆ ಬಂದರೂ ಪಾತಿಯಲ್ಲಿದ್ದ ಉಪ್ಪು ನೀರಿನ ಪಾಲು.

ಮಕ್ಕಳನ್ನು ಕೊನೆಯ ಪಾತಿಯ ಅಂಚಿನಲ್ಲಿ ಕೂರಿಸಿ, ಅಡ್ಡಬಿಸಿಲಿನಲ್ಲಿ ನೀರಿನ ಮೇಲ್ಮೈ ನೋಡಲು ಹೇಳಿ. ಮೊದಲು ಏನೂ ಕಾಣುವುದಿಲ್ಲ. ಆಮೇಲೆ ಹಾಲಿನ ಮೇಲಿನ ಕೆನೆಯ ಹಾಗೆ ತೆಳ್ಳಗೆ ಒಂದು ಪದರ ಕಾಣುತ್ತದೆ. ಅದೇ ಹೊಸ ಉಪ್ಪು. ಹತ್ತಿರದಿಂದ ನೋಡಿದರೆ ಚೌಕಚೌಕದ ಸಣ್ಣ ಹರಳು, ನಡುವೆ ಗುಳಿ. ಭಾರವಾದ ಮೇಲೆ ಮುಳುಗಿ ತಳ ಸೇರುತ್ತದೆ. ಗಾಳಿ ಬೀಸಿದರೆ ಪದರ ಒಡೆದು ಒಂದು ಮೂಲೆಗೆ ಸರಿಯುತ್ತದೆ. ಉದ್ದ ಕೋಲಿಗೆ ಹಲಗೆ ಕಟ್ಟಿದ ಸಲಕರಣೆಯಿಂದ ತಳದ ಉಪ್ಪನ್ನು ಅಂಚಿಗೆ ಎಳೆದು ಗುಡ್ಡೆ ಮಾಡುತ್ತಾರೆ, ನೀರು ಬಸಿದ ಮೇಲೆ ಬುಟ್ಟಿಯಲ್ಲಿ ತಲೆಹೊರೆ. ಬಿಸಿಲು ಏರುವ ಮುಂಚೆ ಈ ಕೆಲಸ ಜಾಸ್ತಿ, ಅದಕ್ಕೇ ಬೇಗ ಹೋಗಿ ಅಂದದ್ದು. ಕೆಲಸ ಮಾಡುವವರ ಕಾಲು ನೋಡಿದರೆ ಉಪ್ಪಿನ ಬೆಲೆ ಗೊತ್ತಾಗುತ್ತದೆ. ಕಟ್ಟೆಗಳು ಮಟ್ಟಸವಾಗಿವೆ, ಅತ್ತೆಯವರು ನಿಧಾನಕ್ಕೆ ನಡೆಯಬಹುದು. ನೆರಳು ಮಾತ್ರ ಇಲ್ಲ. ಕೊಡೆ, ನೀರಿನ ಬಾಟಲಿ ಮರೆಯಬೇಡಿ. ಬರುವಾಗ ಒಂದು ಚೀಲ ಕಲ್ಲುಪ್ಪು ತೆಗೆದುಕೊಳ್ಳಿ. ಕುಮಟಾ ಸಂತೆಯಲ್ಲಿ ಮಿಡಿ ಸಿಕ್ಕರೆ ಎರಡೂ ಸೇರಿ ವರ್ಷದ ಉಪ್ಪಿನಕಾಯಿ.

ಮೂರನೇ ದಿನ ಬೆಳಿಗ್ಗೆಯ ಇಳಿತ. ದೋಣಿಯವರೊಬ್ಬರನ್ನು ಹಿಂದಿನ ಸಂಜೆಯೇ ಗೊತ್ತುಮಾಡಿ, ದರವನ್ನೂ ಆಗಲೇ ಮಾತಾಡಿ ಮುಗಿಸಿ. ನದಿಯೊಳಗೆ ಸ್ವಲ್ಪ ದೂರ ಹೋದರೆ ನೀರು ಇಳಿದು ಎದ್ದ ಮರಳುದಿಬ್ಬ, ಕೆಸರುದಿಬ್ಬ ಕಾಣುತ್ತವೆ. ಅಲ್ಲಿ ಹೆಂಗಸರು, ಗಂಡಸರು ಸೊಂಟದಷ್ಟು ನೀರಿನಲ್ಲಿ ನಿಂತು ಬಳಚು ಹೆಕ್ಕುತ್ತಿರುತ್ತಾರೆ. ಕಣ್ಣಿಗೆ ಏನೂ ಕಾಣದ ನೀರಿನಲ್ಲಿ ಕಾಲಿನಲ್ಲೇ ತಡವಿ, ಬಗ್ಗಿ, ಕೈಹಾಕಿ ತೆಗೆಯುವುದು. ಬಳಚು ಎಂದರೆ ಎರಡು ಚಿಪ್ಪಿನ ಮೃದ್ವಂಗಿ. ಕಾಯಿ ಹಾಕಿ ಸುಕ್ಕಾ ಮಾಡಿದರೆ ಅದರ ಮುಂದೆ ಇಸ್ವಾಣವೂ (ಅಂಜಲ್ ಮೀನು) ಇಲ್ಲ. ಎಲ್ಲ ವರ್ಷ ಒಂದೇ ಥರ ಸಿಗುವುದಿಲ್ಲ, ಮಳೆಗಾಲದ ಪ್ರವಾಹ ಜೋರಾದ ವರ್ಷ ಕಡಿಮೆ. ನಿಮ್ಮ ಮಕ್ಕಳು ಒಂದೆರಡು ಹೆಕ್ಕಿ ನೋಡಲಿ, ಚೀಲ ತುಂಬುವುದು ಬೇಡ. ಅದು ಬೇರೆಯವರ ದಿನಗೂಲಿ. ಕಾಲಿಗೆ ಪಟ್ಟಿ ಇರುವ ಚಪ್ಪಲಿ ಬೇಕೇ ಬೇಕು. ಕಲ್ಲಿಗೆ ಅಂಟಿದ ಕಲುವದ (ಆಯ್ಸ್ಟರ್) ಚಿಪ್ಪು ಬ್ಲೇಡಿನಷ್ಟು ಹರಿತ.

ಬರುವಾಗ ದೋಣಿಯನ್ನು ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಪಕ್ಕದಲ್ಲಿ ತರಲು ಹೇಳಿ. ಬೆಳ್ಳಕ್ಕಿ, ಮಿಂಚುಳ್ಳಿ, ಗರುಡ ಕಾಣದೆ ಇರುವುದಿಲ್ಲ. ಚಳಿಗಾಲಕ್ಕೆ ಬಂದ ವಲಸೆ ಹಕ್ಕಿಗಳೂ ಫೆಬ್ರವರಿಯಲ್ಲಿ ಇನ್ನೂ ಇರುತ್ತವೆ. ಅತ್ತೆಯವರು ಅಂದು ಮನೆಯಲ್ಲೇ ಇದ್ದು ಮನೆಯೊಡತಿಯ ಜೊತೆ ಹರಟುವುದೇ ಒಳ್ಳೆಯದು. ದಿಬ್ಬಕ್ಕೆ ಇಳಿಯುವುದು ಮಂಡಿಗೆ ಆಗುವ ಮಾತಲ್ಲ.

ಸಂಜೆ ಮಾಣಿಕಟ್ಟಾದ ಕಡೆ ಗಜನಿ ನೋಡಲು ಹೋಗಿ. ಗಜನಿ ಅಂದರೆ ನದಿಯ ಉಪ್ಪುನೀರು ನುಗ್ಗದ ಹಾಗೆ ಕಟ್ಟೆ ಹಾಕಿಕೊಂಡ ತಗ್ಗು ಗದ್ದೆ. ಮಳೆಗಾಲದಲ್ಲಿ ಸಿಹಿನೀರು ತುಂಬಿದಾಗ ಅಲ್ಲಿ ಕಗ್ಗ ಭತ್ತ ಬೆಳೆಯುತ್ತಾರೆ. ಉಪ್ಪಿನ ಅಂಶ ಇದ್ದರೂ, ದಿನಗಟ್ಟಲೆ ನೀರಿನಲ್ಲಿ ಮುಳುಗಿದರೂ ಸಾಯದ ತಳಿ. ಗೊಬ್ಬರ, ಔಷಧಿ ಏನೂ ಬೇಡ. ಕೊಯ್ಲಾದ ಮೇಲೆ ಉಳಿದ ಬುಡದ ಕೂಳೆಯನ್ನು ನೀರಲ್ಲೇ ಬಿಟ್ಟು ನದಿಯ ನೀರನ್ನು ಒಳಗೆ ಬಿಡುತ್ತಾರೆ. ಅದು ಕೊಳೆತು ಮೀನಿಗೂ ಸೆಟ್ಲಿಗೂ (ಸಿಗಡಿ) ಮೇವು. ನೀವು ಹೋಗುವ ಹೊತ್ತಿಗೆ ಭತ್ತ ಇರುವುದಿಲ್ಲ, ನೀರು ಮಾತ್ರ. ಆದರೆ ತೂಬಿನ ಬಾಯಿಗೆ ಬಲೆ ಕಟ್ಟಿರುವುದು ಕಾಣುತ್ತದೆ. ಇಳಿತಕ್ಕೆ ತೂಬು ಎತ್ತಿದರೆ ನೀರಿನ ಜೊತೆ ಓಡಿದ ಮೀನು ಬಲೆಗೆ. ಅದೇ ಜಾಗದಲ್ಲಿ ಆರು ತಿಂಗಳು ಅನ್ನ, ಆರು ತಿಂಗಳು ಮೀನು. ಕಗ್ಗದ ಕೆಂಪು ಕುಚ್ಚಲಕ್ಕಿ ಯಾರಲ್ಲಾದರೂ ಇದ್ದರೆ ಕೇಳಿ ತೆಗೆದುಕೊಳ್ಳಿ. ಬೆಳೆಯುವವರು ಕಡಿಮೆಯಾಗಿದ್ದಾರೆ, ಅಂಗಡಿಯಲ್ಲಿ ಸಿಗುವುದು ಅಪರೂಪ. ಆ ಅಕ್ಕಿಯ ಗಂಜಿಗೆ ಜುಮ್ಮನಕಾಯಿ (ನಾಲಿಗೆ ಜುಮ್ಮೆನ್ನಿಸುವ ಕಾಡಿನ ಮಸಾಲೆಕಾಯಿ) ಹಾಕಿದ ಬಂಗುಡೆ ಸಾರು. ನಿಮ್ಮ ಅತ್ತೆಯವರಿಗೆ ಅದೇ ಗಂಜಿಗೆ ಮಿಡಿ ಉಪ್ಪಿನಕಾಯಿ.

ಈಗ ಸಮುದ್ರಸ್ನಾನ. ಇದರಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು. ಹಳ್ಳಿಯ ಬೀಚುಗಳಲ್ಲಿ ಜೀವರಕ್ಷಕರು ಇರುವುದಿಲ್ಲ. ಅಲ್ಲಿ ಮೊಣಕಾಲಿನ ಮಟ್ಟ ಮೀರಬೇಡಿ. ನದಿ ಸಮುದ್ರ ಸೇರುವ ಬಾಯಿಯಲ್ಲಂತೂ ಕಾಲೂ ಇಡಬೇಡಿ. ಇಳಿತ ಶುರುವಾದರೆ ಇಡೀ ಅಳಿವೆಯ ನೀರು ಆ ಕಿರಿದಾದ ಬಾಯಿಯಿಂದ ಹೊರಗೆ ಓಡುತ್ತದೆ, ಈಜುಗಾರರನ್ನೂ ಬಿಡುವುದಿಲ್ಲ. ಕಡಲಿನಲ್ಲಿ ಇನ್ನೊಂದು ಅಪಾಯ ಇದೆ, ಅದು ಕಣ್ಣಿಗೆ ಮೋಸ ಮಾಡುತ್ತದೆ. ಎರಡೂ ಪಕ್ಕ ಅಲೆ ಒಡೆಯುತ್ತಿದ್ದು ನಡುವೆ ಒಂದು ಪಟ್ಟಿ ಶಾಂತವಾಗಿ ಕಂಡರೆ ಅಲ್ಲಿಗೇ ಜನ ಇಳಿಯುತ್ತಾರೆ. ದಡಕ್ಕೆ ಬಂದ ನೀರು ವಾಪಸ್ ಹೋಗುವ ದಾರಿ ಅದು. ಸಿಕ್ಕಿಬಿದ್ದರೆ ದಡದ ಕಡೆ ನೇರವಾಗಿ ಈಜಿ ಸುಸ್ತಾಗಬಾರದು. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಆ ಪಟ್ಟಿಯಿಂದ ಹೊರಬಂದು ಆಮೇಲೆ ದಡಕ್ಕೆ. ಇದನ್ನು ರೈಲಿನಲ್ಲೇ ಮಕ್ಕಳಿಗೆ ಹೇಳಿಬಿಡಿ.

ಮಕ್ಕಳು ನೀರಾಟ ಬಿಟ್ಟು ಇರುವುದಿಲ್ಲ, ಗೊತ್ತು. ಅದಕ್ಕೇ ನಾಲ್ಕನೇ ದಿನ ಕಾರು. ಹೊನ್ನಾವರ ದಾಟಿ ಕಾಸರಕೋಡಿನ ಇಕೋ ಬೀಚಿಗೆ ಹೋಗಿ. ಪಡುಬಿದ್ರೆಯ ಜೊತೆ 2020ರಲ್ಲಿ ಬ್ಲೂ ಫ್ಲ್ಯಾಗ್ ಸಿಕ್ಕ ಬೀಚು ಅದು. ಸ್ನಾನಕ್ಕೆ ಗುರುತು ಮಾಡಿದ ಜಾಗ, ಬಟ್ಟೆ ಬದಲಿಸುವ ಕೋಣೆ, ಶೌಚಾಲಯ ಇದೆ. ಜೀವರಕ್ಷಕರು ಇರುವ ಹೊತ್ತಿನಲ್ಲಿ, ಅವರು ಹೇಳಿದ ಗೆರೆಯೊಳಗೆ ಇಳಿಸಿ. ಹತ್ತಿರದಲ್ಲೇ ಶರಾವತಿಯ ಕಾಂಡ್ಲಾ ಕಾಡಿನೊಳಗೆ ಅರಣ್ಯ ಇಲಾಖೆ ಹಲಗೆಯ ಕಾಲುದಾರಿ ಕಟ್ಟಿದೆ. ಸಮತಟ್ಟು, ನೆರಳು, ಹಿಡಿದುಕೊಳ್ಳಲು ಕಟಾಂಜನ. ನದಿಯ ಕಾಡನ್ನು ಮೂರನೇ ದಿನ ತಪ್ಪಿಸಿಕೊಂಡ ಅತ್ತೆಯವರಿಗೆ ಇದು ಸರಿಹೋಗುತ್ತದೆ.

ಯಾಣ? ಭೈರವೇಶ್ವರ ಶಿಖರ 120 ಮೀಟರ್ ಎತ್ತರದ ಕಪ್ಪು ಬಂಡೆ, ನೋಡಬೇಕಾದದ್ದೇ. ಆದರೆ ಕೊನೆಗೆ ನಡಿಗೆ, ಮೆಟ್ಟಿಲು ಇವೆ. ಈ ಸಲ ಬಿಡಿ. ಕೋಟೆ ಬೇಕೆಂದರೆ ಮಿರ್ಜಾನ ಸಾಕು, ಹೆದ್ದಾರಿಯಿಂದ ಸ್ವಲ್ಪವೇ ಒಳಗೆ. ಕೆಂಪುಕಲ್ಲಿನ ಗೋಡೆ, ಕಂದಕ, ಒಳಗೆ ಬಾವಿಗಳು. ಕಾಳುಮೆಣಸಿನ ರಾಣಿ ಎಂದು ಪೋರ್ಚುಗೀಸರು ಕರೆದ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಹೆಸರಿನ ಜೊತೆ ಇದನ್ನು ಹೇಳುತ್ತಾರೆ. ಒಂದು ಗಂಟೆ ಇಟ್ಟುಕೊಳ್ಳಿ, ಬಿಸಿಲು ಇಳಿದ ಮೇಲೆ.

ರಾತ್ರಿಗಳನ್ನು ಮರೆಯಬೇಡಿ. ದೀಪಾವಳಿ ಕಳೆದ ಮೇಲಿಂದ ಮಳೆ ಬರುವ ತನಕ ಯಕ್ಷಗಾನದ ಕಾಲ. ಎಲ್ಲಿ ಆಟ ಇದೆ ಅಂತ ರಿಕ್ಷಾದವರನ್ನು, ಚಹಾ ಅಂಗಡಿಯವರನ್ನು ಕೇಳಿದರೆ ಸಾಕು. ಬಡಗುತಿಟ್ಟಿನ, ಅಂದರೆ ಯಕ್ಷಗಾನದ ಉತ್ತರದ ಶೈಲಿಯ, ಊರು ಇದು. 1934ರಲ್ಲಿ ಶುರುವಾದ ಕೆರೆಮನೆಯ ಇಡಗುಂಜಿ ಮೇಳದ ಊರು ಗುಣವಂತೆ ಹೊನ್ನಾವರ ತಾಲ್ಲೂಕಿನಲ್ಲೇ ಇದೆ. ಬಯಲಾಟವಾದರೆ ಚಾಪೆ, ಶಾಲು ತೆಗೆದುಕೊಂಡು ಹೋಗಿ. ಚಿಕ್ಕವರು ನಿದ್ದೆ ಹೋದರೆ ಹೋಗಲಿ, ಬಣ್ಣದ ವೇಷ ಬರುವಾಗ ಚಂಡೆಯೇ ಎಬ್ಬಿಸುತ್ತದೆ. ಬೆಳಗಿನ ತನಕ ಕೂರಲೇಬೇಕು ಅಂತೇನಿಲ್ಲ. ಮರುದಿನ ಇಳಿತಕ್ಕೆ ಏಳಬೇಕಾದ ರಾತ್ರಿ ಮಾತ್ರ ಆಟಕ್ಕೆ ಹೋಗಬೇಡಿ.

ಊರಿನ ರೀತಿಯ ಬಗ್ಗೆ ಎರಡು ಮಾತು. ಕೊರಳ ತುಂಬ ಮಣಿಸರ ಹಾಕಿದ ಹಾಲಕ್ಕಿ ಸಮುದಾಯದ ಅಜ್ಜಿಯರು ಸಂತೆಯಲ್ಲಿ ಸೊಪ್ಪು ತರಕಾರಿ ಮಾರುತ್ತಿರುತ್ತಾರೆ. ಕ್ಯಾಮೆರಾ ಎತ್ತುವ ಮುಂಚೆ ಸೊಪ್ಪು ಕೊಳ್ಳಿ, ಮಾತಾಡಿಸಿ, ಆಮೇಲೆ ಕೇಳಿ. ಬೇಡ ಅಂದರೆ ಬೇಡ. ಒದ್ದೆ ಬಟ್ಟೆಯಲ್ಲಿ ಊರೊಳಗೆ ನಡೆದು ಬರಬೇಡಿ. ತಂದ ಪ್ಲಾಸ್ಟಿಕ್ ವಾಪಸ್ ತೆಗೆದುಕೊಂಡು ಹೋಗಿ, ಹಳ್ಳಿಯಲ್ಲಿ ಅದು ಕೊನೆಗೆ ಸೇರುವುದು ಗಜನಿಯ ತೂಬಿಗೇ.

ಸಾಮಾನು ಕಡಿಮೆ ಸಾಕು: ಹತ್ತಿ ಬಟ್ಟೆ, ಟೋಪಿ, ಟಾರ್ಚ್, ಅತ್ತೆಯವರ ಮಾತ್ರೆ ಮತ್ತು ಊರುಗೋಲು, ಸೊಳ್ಳೆಗೆ ಏನಾದರೂ. ಚಿಲ್ಲರೆ ನೋಟು ಇರಲಿ, ದೋಣಿಯಲ್ಲಿ ನೆಟ್‌ವರ್ಕ್ ನಂಬಿಕೊಳ್ಳುವಂತಿಲ್ಲ. ವಾಪಸ್ ರೈಲಿಗೆ ಮೀನು ಒಯ್ಯುವ ಆಸೆ ಇದ್ದರೆ ಹಸಿ ಮೀನು ಬೇಡ, ಸಹಪ್ರಯಾಣಿಕರ ಶಾಪ ಯಾಕೆ. ಕುಮಟಾ ಮಾರುಕಟ್ಟೆಯಲ್ಲಿ ಒಣ ಸೆಟ್ಲಿ ಸಿಗುತ್ತದೆ. ಡಬ್ಬಿಯಲ್ಲಿ ಹಾಕಿ, ಮೇಲೆ ಇನ್ನೊಂದು ಡಬ್ಬಿ ಮುಚ್ಚಿ, ಅತ್ತೆಯವರ ಬ್ಯಾಗಿನಿಂದ ದೂರ ಇಡಿ.